ಏನನ್ನೂ ಬಿಡದ ತಟ್ಟೆ

"ಬುದ್ಧಿ, ಹೋದವರ ವಸ್ತುವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ತಪ್ಪೇ?"

ಶಂಭುಲಿಂಗ ಹೀಗೆ ಕೇಳಿದಾಗ ಮಠದಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಎರಡು ವರ್ಷಗಳಿಂದ ಪ್ರತಿ ಸೋಮವಾರ ಗುರುಗಳ ಬಳಿಗೆ ಬರುತ್ತಿದ್ದ. ಬಂದು ಹೇಳಿದ್ದನ್ನು ಕೇಳಿಸಿಕೊಂಡು ಹೋಗುತ್ತಿದ್ದನೇ ಹೊರತು ತಾನಾಗಿ ಒಂದು ಪ್ರಶ್ನೆಯನ್ನೂ ಎತ್ತಿದವನಲ್ಲ.

"ತಪ್ಪು ಎಂದು ಯಾರು ಹೇಳಿದರು?" ಎಂದರು ಗುರುಗಳು.

"ಮನೆಯವಳು."

"ಯಾವ ವಸ್ತು?"

"ಸೈಕಲ್, ಬುದ್ಧಿ."

ಅವನು ಹೇಳಿದ. ಹಿರಿಯ ಮಗಳು ಅಂಬಿಕಾ ಹೋದ ಕಾರ್ತಿಕದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಹದಿನಾರು ತುಂಬಿರಲಿಲ್ಲ. ಅವಳ ಸೈಕಲ್ಲನ್ನು ಅವನು ಒಳಕೋಣೆಯಲ್ಲಿ ನಿಲ್ಲಿಸಿದ್ದ. ಭಾನುವಾರ ಬಂತೆಂದರೆ ಅದನ್ನು ಒರೆಸುತ್ತಿದ್ದ, ಚೈನಿಗೆ ಎಣ್ಣೆ ಬಿಡುತ್ತಿದ್ದ, ಗಾಲಿಗೆ ಗಾಳಿ ತುಂಬಿ ಮತ್ತೆ ದುಪ್ಪಟಿ ಹೊದಿಸುತ್ತಿದ್ದ. ಈಗ ಕಿರಿಯವಳು ದಾಕ್ಷಾಯಿಣಿ ಅಕ್ಕ ಓದುತ್ತಿದ್ದ ಹೈಸ್ಕೂಲಿಗೇ ಸೇರಿದ್ದಳು. ಶಾಲೆ ಮೂರು ಮೈಲಿ. ನಡೆದು ಹೋಗುತ್ತಿದ್ದಳು. ಹಿಂದಿನ ವಾರ ಅವಳು ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕನ ಸೈಕಲ್ ತಗೊಂಡು ಹೋಗಲಾ ಅಪ್ಪಾ?" ಎಂದು ಕೇಳಿದ್ದಳು.

"ನಾನು ಕೈ ಎತ್ತಲಿಲ್ಲ. ಆದರೆ ಅಂಥ ದನಿ ನನ್ನ ಗಂಟಲಲ್ಲಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಆವತ್ತಿನಿಂದ ನನ್ನ ಊಟ ಮುಗಿಯುವ ತನಕ ಅವಳು ಅಡುಗೆಮನೆಯಿಂದ ಈಚೆಗೆ ಬರುವುದಿಲ್ಲ. ಹೊಸದನ್ನು ಕೊಡಿಸುತ್ತೇನೆ ಅಂದೆ. ಬೇಡ ಅಂದಳು."

"ಯಾಕೆ ಕೊಡಲಿಲ್ಲ?"

"ಬೀದಿಗೆ ಇಳಿದರೆ ತಗ್ಗಿಗೆ ಬೀಳುತ್ತದೆ, ಬಣ್ಣ ಕೆರೆದುಹೋಗುತ್ತದೆ. ಇವತ್ತು ಬೆಲ್ಲು, ನಾಳೆ ಪೆಡಲು. ಒಂದೊಂದಾಗಿ ಬದಲಾಯಿಸಿ ಕೊನೆಗೆ ಅಂಬಿಕಾಳದ್ದು ಅಂತ ಅದರಲ್ಲಿ ಏನೂ ಉಳಿಯುವುದಿಲ್ಲ. ನನ್ನ ಭಯ ಅಷ್ಟೇ ಬುದ್ಧಿ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನೊಬ್ಬನಿದ್ದ. ಅವನ ಬಳಿ ಒಂದು ತಟ್ಟೆಯಿತ್ತು. ತಟ್ಟೆಯ ಬುಡಕ್ಕೆ ಆಯಸ್ಕಾಂತ ಕೂರಿಸಿತ್ತು. ಯಂತ್ರವನ್ನು ಬಿಚ್ಚುವಾಗ ಅವನು ತಿರುಪು, ಸ್ಪ್ರಿಂಗು, ಸೂಜಿ ಎಲ್ಲವನ್ನೂ ಅದಕ್ಕೆ ಹಾಕುತ್ತಿದ್ದ. ತಟ್ಟೆ ಅವನ್ನು ಕಚ್ಚಿ ಹಿಡಿಯುತ್ತಿತ್ತು. ಮೊಣಕೈ ತಾಗಿ ತಟ್ಟೆಯೇ ಮಗುಚಿದರೂ ಒಂದು ಚೂರು ಕೆಳಗೆ ಬೀಳುತ್ತಿರಲಿಲ್ಲ. ಅದು ಬರುವ ಮೊದಲು ಬಟ್ಟೆಯ ಚಿಂದಿಯಲ್ಲಿ ತಿರುಪು ಹುಡುಕುವುದರಲ್ಲೇ ಅವನ ಅರ್ಧ ದಿನ ಕಳೆಯುತ್ತಿತ್ತು. ಬಂದ ಮೇಲೆ ಅವನ ಕೈಯಲ್ಲಿ ಏನೂ ಕಳೆಯಲಿಲ್ಲ.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಒಂದು ವರ್ಷ ಕಾಯಿಲೆ ಬಿದ್ದು ತೀರಿಕೊಂಡಳು. ಅವಳ ಕೈಯ ವಾಚು ಉಳಿಯಿತು. ದಿನವೂ ಕೀಲಿ ಕೊಡುವಂಥ ಹಳೆಯ ವಾಚು. ಅವಳು ರೋಗಿಗಳ ನಾಡಿ ಎಣಿಸುತ್ತಿದ್ದದ್ದು ಅದರ ಸೆಕೆಂಡಿನ ಮುಳ್ಳು ನೋಡಿಕೊಂಡೇ. ಹಾಕಿಕೊಳ್ಳುವವರಿಲ್ಲದೆ ಒಳಗಿನ ಎಣ್ಣೆ ಒಣಗಿ, ಕೀಲಿ ಕೊಟ್ಟರೂ ನಡೆಯದೆ ಅದು ನಿಂತುಹೋಗಿತ್ತು.

ಅವರಿಗೆ ಒಬ್ಬಳೇ ಮಗಳು. ಅವಳಿಗೂ ನರ್ಸ್ ತರಬೇತಿಗೆ ಸೀಟು ಸಿಕ್ಕಿತು. ಹೊರಡುವುದಕ್ಕೆ ಹದಿನೈದು ದಿನವಿತ್ತು. "ಅವ್ವನ ವಾಚು ಕೊಡಪ್ಪಾ, ಕಟ್ಟಿಕೊಂಡು ಹೋಗುತ್ತೇನೆ" ಎಂದಳು. ಅವನು ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. "ಮೊದಲು ಅದು ನಡೆಯಲಿ" ಎಂದ.

ಊರಿನಲ್ಲಿ ವಾಚು ರಿಪೇರಿ ಮಾಡುವ ಮುದುಕನೊಬ್ಬನಿದ್ದ. ಅವನಿಗೆ ಕೊಡಲು ಇವನಿಗೆ ಮನಸ್ಸಾಗಲಿಲ್ಲ. ಬೇರೆಯವರ ಮೇಜಿನ ಮೇಲೆ ಒಂದು ಚೂರು ತಪ್ಪಿಹೋದರೆ ಕೇಳುವುದು ಯಾರನ್ನು? ತಾನೇ ಬಿಚ್ಚಿದ. ಹಿತ್ತಾಳೆಯ ಚಕ್ರಗಳನ್ನು ಒಂದು ಬಟ್ಟಲಿಗೆ ಹಾಕಿದ. ಉಕ್ಕಿನದ್ದನ್ನೆಲ್ಲ ತನ್ನ ತಟ್ಟೆಗೆ ಹಾಕಿದ. ಎಳ್ಳಿಗಿಂತ ಸಣ್ಣ ತಿರುಪುಗಳು, ಕೂದಲೆಳೆಯಂಥ ಒಂದು ಸುರುಳಿ, ಎಲ್ಲವನ್ನೂ ತಟ್ಟೆ ಹಿಡಿದುಕೊಂಡಿತು. ನಾಲ್ಕು ದಿನ ಒಂದೊಂದನ್ನೇ ತೆಗೆದು ತೊಳೆದ, ಮತ್ತೆ ತಟ್ಟೆಗೇ ಇಟ್ಟ. ಐದನೆಯ ದಿನ ಜೋಡಿಸಿದ. ಒಂದೂ ಕಡಿಮೆಯಾಗಲಿಲ್ಲ, ಒಂದೂ ಹೆಚ್ಚಾಗಲಿಲ್ಲ. ಕೀಲಿ ಕೊಟ್ಟ. ವಾಚು ನಡೆಯಿತು.

ಬೆಳಿಗ್ಗೆ ಸರಿಯಿಟ್ಟದ್ದು ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಗಂಟೆ ಮುಂದೆ ಹೋಗಿತ್ತು. ತಿರುಗಿ ಸರಿಯಿಟ್ಟ. ಮತ್ತೆ ಮುಂದೆ ಓಡಿತು. ಬಿಚ್ಚಿ ನೋಡಿದ, ತಪ್ಪು ಕಾಣಲಿಲ್ಲ. ಬಿಚ್ಚಿದ್ದನ್ನು ತಟ್ಟೆಗೆ ಹಾಕಿ ಇನ್ನೊಮ್ಮೆ ಜೋಡಿಸಿದ. ಇನ್ನೂ ಜೋರಾಗಿ ಓಡಿತು. ಮಗಳು ನೋಡಿ, "ಅಪ್ಪಾ, ಅವ್ವನ ವಾಚಿನಲ್ಲಿ ಆಗಲೇ ನಾಳೆ ಬಂದುಬಿಟ್ಟಿದೆ" ಎಂದು ನಕ್ಕಳು. ಅವನು ನಗಲಿಲ್ಲ. ಅವಳು ಹೊರಡಲು ಎರಡೇ ದಿನವಿತ್ತು. ಹೀಗೆ ಓಡುವ ವಾಚಿನಿಂದ ನಾಡಿ ಎಣಿಸಿದರೆ ಗಟ್ಟಿಮುಟ್ಟಾದವನೂ ರೋಗಿಯಾಗುತ್ತಾನೆ.

ಕೊನೆಗೆ ಅದನ್ನು ಮುದುಕನ ಬಳಿಗೆ ತೆಗೆದುಕೊಂಡು ಹೋದ. ಮಗಳೂ ಜೊತೆಗೆ ಹೋಗಿ ಅಂಗಡಿಯ ಬಾಗಿಲಲ್ಲಿ ನಿಂತಳು.

"ಹೊಲಿಗೆ ಯಂತ್ರದವನು ವಾಚು ಬಿಚ್ಚಿದೆಯಾ?" ಎಂದ ಮುದುಕ. "ಸರಿ ಬಿಡು, ನಾಳೆಯಿಂದ ನಾನೂ ರವಿಕೆ ಹೊಲಿಯುತ್ತೇನೆ."

"ನಾನು ಏನನ್ನೂ ಕಳೆದಿಲ್ಲ ಯಜಮಾನರೇ. ಒಂದೊಂದು ತಿರುಪೂ ಅದರ ಜಾಗದಲ್ಲೇ ಇದೆ. ಆಯಸ್ಕಾಂತದ ತಟ್ಟೆಯಲ್ಲಿ ಇಟ್ಟಿದ್ದೆ."

ಮುದುಕ ನಗುವುದನ್ನು ನಿಲ್ಲಿಸಿದ. ಒಂದು ಸಣ್ಣ ದಿಕ್ಸೂಚಿಯನ್ನು ತಂದು ವಾಚಿನ ಪಕ್ಕದಲ್ಲಿಟ್ಟ. ಅದರ ಮುಳ್ಳು ನಿಂತಲ್ಲಿ ನಿಲ್ಲದೆ ಹೊರಳಾಡಿತು.

"ನೋಡು ತಮ್ಮಾ. ತಟ್ಟೆ ಇವನ್ನು ಹಿಡಿದದ್ದಷ್ಟೇ ಅಲ್ಲ, ತನ್ನ ಸೆಳೆತವನ್ನು ಇವುಗಳ ಒಳಗೆ ಬಿಟ್ಟಿದೆ. ಈ ಸುರುಳಿ ಹಿಗ್ಗಬೇಕು, ಕುಗ್ಗಬೇಕು. ವಾಚಿಗೆ ಅದೇ ಉಸಿರು. ಈಗ ಒಂದು ಸುತ್ತು ಪಕ್ಕದ ಸುತ್ತಿಗೆ ಅಂಟಿಕೊಂಡಿದೆ. ಪೂರ್ತಿ ಉಸಿರು ಎಳೆದುಕೊಳ್ಳಲು ಆಗದೆ ಏದುಸಿರು ಬಿಟ್ಟುಕೊಂಡು ಓಡುತ್ತಿದೆ."

"ಹಾಗಾದರೆ ಕೆಟ್ಟಿತೇ?"

"ಕೆಟ್ಟಿಲ್ಲ. ಅಂಟು ಬಿಡಿಸಬೇಕು. ನೀನೇ ಬಿಡಿಸು, ನಿನ್ನ ವಾಚು."

ಮುದುಕ ಸೆಳೆತ ತೆಗೆಯುವ ಒಂದು ಪೆಟ್ಟಿಗೆಯನ್ನು ಅವನ ಮುಂದಿಟ್ಟ. ಒಳಗೆಲ್ಲ ತಾಮ್ರದ ತಂತಿ ಸುತ್ತಿತ್ತು, ನಡುವೆ ಒಂದು ತೂತಿತ್ತು, ಪಕ್ಕದಲ್ಲಿ ಗುಂಡಿಯಿತ್ತು. ಗುಂಡಿ ಒತ್ತಿದರೆ ವಿದ್ಯುತ್ತು ಹರಿಯುತ್ತದೆ. ವಾಚನ್ನು ತೂತಿನಲ್ಲಿ ಹಿಡಿದು ಗುಂಡಿ ಒತ್ತಬೇಕು, ಒತ್ತಿಕೊಂಡೇ ವಾಚನ್ನು ಈಚೆಗೆ ತರಬೇಕು ಎಂದ.

ಅವನು ಒತ್ತಿದ. ಪೆಟ್ಟಿಗೆ ಗುಂಯ್ ಎಂದಿತು. ವಾಚು ಅವನ ಬೆರಳುಗಳ ನಡುವೆ ನಡುಗಿತು. ಅವನು ಹೆದರಿ ಅದನ್ನು ತಟ್ಟನೆ ಎಳೆದುಕೊಂಡ. ಮುದುಕ ದಿಕ್ಸೂಚಿ ಇಟ್ಟು ನೋಡಿದ. ಮುಳ್ಳು ಮೊದಲಿನ ಹಾಗೆಯೇ ಹೊರಳಿತು.

"ಕಿತ್ತುಕೊಂಡರೆ ಸೆಳೆತ ಹೋಗುವುದಿಲ್ಲ" ಎಂದ ಮುದುಕ. "ಹಾಗೆಂದು ಒಳಗೇ ಇಟ್ಟುಕೊಂಡು ಗುಂಡಿ ಬಿಟ್ಟರೂ ಹೋಗುವುದಿಲ್ಲ. ನಿಧಾನವಾಗಿ ದೂರ ತರಬೇಕು. ಎಷ್ಟು ನಿಧಾನ ಎಂದರೆ, ತರುತ್ತಿದ್ದೀಯೆಂದು ವಾಚಿಗೇ ಗೊತ್ತಾಗಬಾರದು. ಮೊಣಕೈ ನೆಟ್ಟಗಾಗುವ ತನಕ ಗುಂಡಿ ಬಿಡಬೇಡ."

ಅವನು ಎಡಗೈಯಿಂದ ಗುಂಡಿ ಒತ್ತಿ ಹಿಡಿದ. ಬಲಗೈಯಲ್ಲಿದ್ದ ವಾಚನ್ನು ಬಾಗಿಲಿನ ಕಡೆಗೆ ಅಂಗುಲ ಅಂಗುಲವಾಗಿ ತಂದ. ನಡುಕ ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಆಮೇಲೆ ಬೆರಳಿಗೆ ತಿಳಿಯದಂತಾಯಿತು. ತೋಳು ಪೂರ್ತಿ ಚಾಚಿದ ಮೇಲೆ ಗುಂಡಿಯನ್ನು ಬಿಟ್ಟ. ಮುದುಕ ಎದ್ದು ಬಂದು ದಿಕ್ಸೂಚಿಯನ್ನು ಆ ಕೈಯ ಹತ್ತಿರ ಹಿಡಿದ. ಮುಳ್ಳು ಅಲುಗಲಿಲ್ಲ.

ತೋಳು ಮಡಿಸಲು ಅವನಿಗೆ ಧೈರ್ಯ ಬರಲಿಲ್ಲ. ಹಾಗೆಯೇ ನಿಂತುಕೊಂಡು, "ಯಜಮಾನರೇ, ಇದರಲ್ಲಿ ಅವಳದ್ದು ಏನಾದರೂ ಹೊರಟುಹೋಯಿತೇ?" ಎಂದು ಕೇಳಿದ.

"ಅವಳದ್ದು ಏನು ಹೋಗುತ್ತದೆ? ಅವಳು ಕಟ್ಟಿಕೊಳ್ಳುತ್ತಿದ್ದಾಗ ಈ ಸೆಳೆತ ಇದರಲ್ಲಿ ಇರಲಿಲ್ಲ. ಅದು ನಿನ್ನ ತಟ್ಟೆಯದು" ಎಂದ ಮುದುಕ. "ಕಿವಿಗೆ ಹಿಡಿದು ಕೇಳು. ಅವಳು ಕೇಳುತ್ತಿದ್ದದ್ದು ಈ ಸದ್ದನ್ನೇ."

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಂಭುಲಿಂಗ ತಲೆ ತಗ್ಗಿಸಿ ಕುಳಿತಿದ್ದ. ಕತೆಯಲ್ಲಿ ತನಗೆ ಬೇಕಾದ ಜಾಗ ಇನ್ನೂ ಸಿಕ್ಕಿರಲಿಲ್ಲ. ವಾಚು ಸರಿಹೋದದ್ದು ಅವನಿಗೆ ಸಮಾಧಾನವೇ. ಆದರೆ ಚಾಚಿದ ಆ ತೋಳು ಅವನನ್ನು ಬಾಧಿಸುತ್ತಿತ್ತು. ಭಾನುವಾರ ದುಪ್ಪಟಿ ಹೊದಿಸುವಾಗ ತನ್ನ ಕೈ ಸೈಕಲ್ಲಿನ ಹ್ಯಾಂಡಲಿನ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ಎಷ್ಟು ನಿಧಾನವಾಗಿ ತಂದರೂ ದೂರ ಮಾಡಿದ್ದು ದೂರ ಮಾಡಿದ ಹಾಗೆಯೇ ಅಲ್ಲವೇ ಬುದ್ಧಿ?" ಎಂದ. "ಅವನು ಕೊನೆಗೂ ಕಳೆದುಕೊಂಡನಲ್ಲ."

"ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಹಾಗೆ ಕಾಣಲಿಲ್ಲವಪ್ಪಾ" ಎಂದರು ಗುರುಗಳು. "ತೋಳು ಚಾಚಿದ ಅಪ್ಪ ತನಗೇ ಕೊಡುತ್ತಿದ್ದಾನೆ ಎಂದುಕೊಂಡು ಅವಳು ಕೈಯೊಡ್ಡಿದಳು."