ಬಾವಲಿಗಳಿಗೆ ಬೆಂಚು ಹಾಕಿಸಿದ ಸಭೆ

ನನ್ನ ಹಳೆಯ ದಿನಚರಿಯಲ್ಲಿ 1984ರ ಜುಲೈ ಒಂಬತ್ತು, ಸೋಮವಾರದ ಪುಟದಲ್ಲಿ ಈ ಕಥೆಯಿದೆ.

ಬಾವಲಿಗಳ ಹೈಸ್ಕೂಲಿಗೆ ಕೋಳಿ ಕೊಕ್ಕಮ್ಮನವರು ಹೆಡ್‌ಮಿಸ್ಟ್ರೆಸ್ಸು. ಮಕ್ಕಳು ಸೂರಿನ ಬಿದಿರಿಗೆ ತಲೆಕೆಳಗಾಗಿ ಜೋತುಬಿದ್ದು ಪಾಠ ಕೇಳುವುದು ಅವರಿಗೆ ಅಶಿಸ್ತಾಗಿ ಕಂಡಿತು. ಬಿದಿರು ಕೀಳಿಸಿ ಬೆಂಚು ಹಾಕಿಸಲು ಸಭೆ ಕರೆದರು. ಮಕ್ಕಳ ಪ್ರತಿನಿಧಿಯಾಗಿ ಹತ್ತನೇ ತರಗತಿಯ ತೂಗಮ್ಮ ಬಂದು ಕಿಟಕಿಗೆ ಜೋತುಬಿದ್ದಳು. ಬಿದಿರು ಹೋದರೆ ಈ ವರ್ಷದ ಓದೂ ಹೋಯಿತೆಂದು ಅವಳಿಗೆ ಗೊತ್ತಿತ್ತು.

"ಮಿಸ್, ಒಂದು ಮಾತು."

"ಮೊದಲು ನೆಟ್ಟಗೆ ಕೂತುಕೋ ಮಗು. ಸಭೆಯಲ್ಲಿ ಕೂತವರು ಮಾತ್ರ ಮಾತಾಡಬೇಕು."

"ಕೂರೋಕೆ ಆಗಲ್ಲ ಅನ್ನೋದೇ ನನ್ನ ಮಾತು ಮಿಸ್!"

"ಅದನ್ನೇ ಕೂತು ಹೇಳಮ್ಮ."

ತೂಗಮ್ಮ ಪಾಪ, ಕುರ್ಚಿಯ ಮೇಲೆ ಕೂರಲು ಹೋಗಿ, ಸಭೆಗೆಂದು ಪಕ್ಕದಲ್ಲಿಟ್ಟಿದ್ದ ಉಪ್ಪಿಟ್ಟಿನ ಪಾತ್ರೆಯೊಳಗೆ ಉರುಳಿದಳು. ಬಾಯಿತುಂಬ ಉಪ್ಪಿಟ್ಟಾಗಿ ಮಾತೇ ಹೊರಡಲಿಲ್ಲ. ಲೆಕ್ಕದ ಮೇಷ್ಟ್ರು ಹೋತಪ್ಪ ಗಡ್ಡ ನೀವಿಕೊಳ್ಳುತ್ತ, "ಮಕ್ಕಳ ಪ್ರತಿನಿಧಿ ಮೌನದಿಂದ ಒಪ್ಪಿದರು" ಎಂದು ನಡಾವಳಿ ಪುಸ್ತಕದಲ್ಲಿ ಬರೆದುಬಿಟ್ಟರು.

ಬಿದಿರು ಹೋಗಿ ಬೆಂಚು ಬಂದವು. ಮಕ್ಕಳು ಅವುಗಳ ಅಂಚಿಗೇ ಜೋತುಬಿದ್ದರು. ತಲೆ ನೆಲಕ್ಕೆ ಬಡಿಯಿತು, ಬೋರ್ಡು ಕಾಣಲಿಲ್ಲ, ತಿಂಗಳಿಡೀ ಪಾಠ ನಿಂತಿತು. ಕೊನೆಗೆ ಕೊಕ್ಕಮ್ಮನವರು ತಾವೇ ಏಣಿ ಹತ್ತಿ, ಅಷ್ಟೂ ಬೆಂಚನ್ನು ಸೂರಿಗೆ ಮೊಳೆ ಹೊಡೆದು ಕೂರಿಸಿದರು. ಮಕ್ಕಳು ಅದಕ್ಕೆ ಜೋತುಬಿದ್ದು ಓದಿ ಪಾಸಾದರು.

ಆ ಸಭೆಯಿಂದ ಒಟ್ಟು ನಷ್ಟವಾದದ್ದು ಇಷ್ಟು: ಎಂಟು ಗಟ್ಟಿ ಬಿದಿರು, ಒಂದು ತಿಂಗಳ ಪಾಠ, ಹನ್ನೆರಡು ತಟ್ಟೆ ಉಪ್ಪಿಟ್ಟು, ಮತ್ತು ಮೊಳೆ ಕಳಚಿ ಬಿದ್ದ ಬೆಂಚಿನಡಿ ಸಿಕ್ಕ ಕೊಕ್ಕಮ್ಮನವರ ಬಾಲದ ಮೂರು ಗರಿ.