ಒಂದೇ ಎಲೆಯ ವರ್ಷಗಳು

“ಗುರುಗಳೇ, ನಾನು ಮಾಡಿದ್ದನ್ನು ನಾನು ಮಾಡಿದೆ ಎಂದು ಹೇಳಿಕೊಳ್ಳುವುದು ಅಹಂಕಾರವೇ?” ಎಂದು ಶಿಷ್ಯ ಕೇಳಿದ.

ಯಾಕೆ ಕೇಳುತ್ತೀ ಎಂದರು ಗುರುಗಳು. ಶಿಷ್ಯ ನಡೆದದ್ದನ್ನು ಹೇಳಿದ. ಮಠದ ಹಳೆಯ ಗ್ರಂಥವೊಂದಕ್ಕೆ ಅವನು ನಾಲ್ಕು ವರ್ಷ ಕೂತು ವ್ಯಾಖ್ಯಾನ ಬರೆದಿದ್ದ. ಹಿಂದಿನ ದಿನದ ಸಭೆಯಲ್ಲಿ ಹಿರಿಯ ವಿದ್ವಾಂಸರೊಬ್ಬರು ಅದನ್ನು ತಮ್ಮದೆಂದು ಓದಿದರು. ಸಭೆ ತಲೆದೂಗಿತು. ಶಿಷ್ಯ ಮೂರನೆಯ ಸಾಲಿನಲ್ಲಿ ಕುಳಿತು ಎಲ್ಲವನ್ನೂ ಕೇಳಿದ.

“ವಿದ್ಯೆಗೆ ವಿನಯವೇ ಭೂಷಣ ಎಂದು ಸುಮ್ಮನಿದ್ದೆ. ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ” ಎಂದ.

ಗುರುಗಳು ಈ ಕತೆ ಹೇಳಿದರು.

ಚಳಿಗಾಲದಲ್ಲಿ ಹಿಮ ಮುಚ್ಚುವ ಒಂದು ನಾಡು. ಅಲ್ಲಿನ ಅರಸನಿಗೆ ಒಂದು ಟ್ಯೂಲಿಪ್ ತೋಟವಿತ್ತು. ಟ್ಯೂಲಿಪ್ ಈರುಳ್ಳಿಯಂಥ ಗಡ್ಡೆಯಿಂದ ಬರುವ ಹೂ. ಒಂದು ದಂಟು, ದಂಟಿಗೆ ಒಂದೇ ಹೂ, ಹೂವಿಗೆ ಆರು ಎಸಳು. ತಿಂಗಳುಗಟ್ಟಲೆ ಚಳಿ ತಿನ್ನದೆ ಅದು ಅರಳುವುದಿಲ್ಲ. ತೋಟದ ಹಿರಿಯ ತೋಟಗಾರ ಪ್ರತಿ ವರ್ಷ ವ್ಯಾಪಾರಿಗಳಿಂದ ಬಲಿತ ಗಡ್ಡೆಗಳನ್ನು ತರಿಸಿ ನೆಡಿಸುತ್ತಿದ್ದ. ಮುಂದಿನ ವಸಂತಕ್ಕೆ ಹೂ ಸಿದ್ಧ. ಅರಸನಿಗೂ ಅಷ್ಟೇ ಸಾಕಾಗಿತ್ತು.

ಆ ತೋಟದಲ್ಲಿ ಕಳೆ ಕೀಳುವ ಒಬ್ಬ ಹೆಂಗಸಿದ್ದಳು. ಒಂದು ವಸಂತದಲ್ಲಿ ಅವಳು ಕೆಂಪು ಹೂವಿನ ಪರಾಗವನ್ನು ಗರಿಯಲ್ಲಿ ತೆಗೆದು ಬಿಳಿ ಹೂವಿಗೆ ಸವರಿದಳು. ಹೂ ಉದುರಿತು. ದಂಟಿನ ತುದಿಯಲ್ಲಿ ಕಾಯಿ ಕಟ್ಟಿತು. ಅದು ಒಣಗಿ ಮೂರಾಗಿ ಬಿರಿದಾಗ ಕಾಗದದಷ್ಟು ತೆಳುವಾದ ಬೀಜಗಳು ಸಿಕ್ಕವು. ತೋಟದ ಬೇಲಿಯ ಪಕ್ಕ ಯಾರಿಗೂ ಬೇಡದ ಜಾಗದಲ್ಲಿ ಅವುಗಳನ್ನು ಬಿತ್ತಿದಳು.

ಮೊದಲ ವರ್ಷ ದಾರದಂಥ ಒಂದೇ ಎಲೆ ಬಂತು. ಬೇಸಿಗೆಗೆ ಒಣಗಿತು. ಎರಡನೆಯ ವರ್ಷವೂ ಒಂದೇ ಎಲೆ, ಮೂರನೆಯ ವರ್ಷವೂ ಅಷ್ಟೇ. ಎಲೆ ಸ್ವಲ್ಪ ಅಗಲವಾಗಿತ್ತು, ಅಷ್ಟೇ ವ್ಯತ್ಯಾಸ.

“ಹುಲ್ಲು ಕೀಳಲು ಸಂಬಳ ತೆಗೆದುಕೊಂಡು ಹುಲ್ಲು ಬೆಳೆಸುತ್ತಿದ್ದೀಯಲ್ಲ” ಎಂದು ಹಿರಿಯ ತೋಟಗಾರ ನಕ್ಕ. ಉಳಿದವರೂ ನಕ್ಕರು. ಅವಳು ಪ್ರತಿ ವರ್ಷ ಹೊಸ ಬೀಜ ಮಾಡಿ ಪಕ್ಕದಲ್ಲೇ ಇನ್ನೊಂದು ಸಾಲು ಬಿತ್ತುತ್ತಾ ಹೋದಳು. ಐದನೆಯ ವರ್ಷ ಹೆಗ್ಗಣ ಅರ್ಧ ಸಾಲನ್ನು ತಿಂದಿತು. ಅಂದು ಮಾತ್ರ ಅವಳು ಕೂತು ಅತ್ತಳು. ಮರುದಿನ ಸಾಲುಗಳ ಸುತ್ತ ಮುಳ್ಳು ಹೂಳಿದಳು.

ಏಳನೆಯ ವಸಂತದಲ್ಲಿ ಮೊದಲ ಸಾಲಿನ ಒಂದು ಗಿಡಕ್ಕೆ ಮೂರು ಎಲೆ ಬಂತು. ಎಲೆಗಳ ನಡುವಿನಿಂದ ದಂಟು ಎದ್ದಿತು. ಹೂ ಅರಳಿತು. ಬುಡ ಕಪ್ಪು, ನಡು ಕುಂಕುಮದ ಕೆಂಪು, ಅಂಚು ಹಾಲಿನ ಬಿಳಿ. ಅಂಥ ಹೂ ಆ ನಾಡಿನಲ್ಲಿ ಅದುವರೆಗೆ ಇರಲಿಲ್ಲ.

ಸುದ್ದಿ ಅರಮನೆಗೆ ಹೋಯಿತು. ಅರಸ ರಾಣಿ ಮತ್ತು ಪರಿವಾರದೊಡನೆ ಬಂದು ನೋಡಿದ. ಬಹಳ ಹೊತ್ತು ನೋಡಿದ.

“ಇದನ್ನು ಬೆಳೆದವರು ಯಾರು?”

ಹಿರಿಯ ತೋಟಗಾರ ಮುಂದೆ ಬಂದು ಕೈಮುಗಿದ. “ನಾನು, ಪ್ರಭು. ದೂರದೇಶದಿಂದ ಗಡ್ಡೆ ತರಿಸಿ, ನಾಲ್ಕು ಬೆರಳು ಆಳಕ್ಕೆ ನನ್ನ ಕೈಯಾರೆ ನೆಟ್ಟೆ.”

ಹೆಂಗಸು ಕೆಲಸದವರ ಗುಂಪಿನ ಹಿಂದೆ ನಿಂತಿದ್ದಳು. ಅಲ್ಲಿಂದ ಹೊರಬಂದಳು. ಕೈಯಲ್ಲಿ ಇನ್ನೂ ಮಣ್ಣಿತ್ತು.

“ಪ್ರಭು, ಅದು ನಾನು ಬೆಳೆದ ಹೂ. ನೆಟ್ಟ ಗಡ್ಡೆ ನೆಟ್ಟ ಆಳದಲ್ಲೇ ಇರುತ್ತದೆ. ಬೀಜದಿಂದ ಹುಟ್ಟಿದ ಎಳೆಯ ಗಡ್ಡೆ ವರ್ಷ ವರ್ಷ ತಾನೇ ಕೆಳಕ್ಕೆ ಇಳಿಯುತ್ತದೆ. ಇದನ್ನು ನಾನು ಉಗುರಿನಷ್ಟು ಆಳಕ್ಕೆ ಬಿತ್ತಿದ್ದೆ. ಈಗ ಒಂದು ಗೇಣಿಗೂ ಕೆಳಗಿರಬೇಕು. ಅಗೆದು ನೋಡಬಹುದು.”

“ಅಗೆದರೆ ಹೂ ಬಾಡೀತು” ಎಂದ ಅರಸ.

“ಬಾಡಲಿ. ಇನ್ನೊಬ್ಬರ ಹೆಸರಿನಲ್ಲಿ ಅರಳಿ ನಿಲ್ಲುವುದಕ್ಕಿಂತ ಅದೇ ಮೇಲು.”

ಅರಸ ಆಗಲಿ ಎಂದು ತಲೆಯಾಡಿಸಿದ. ಗುದ್ದಲಿ ತಂದವನನ್ನು ಅವಳು ತಡೆದಳು. ಮೊಣಕಾಲೂರಿ ಬೆರಳುಗಳಿಂದಲೇ ಮಣ್ಣು ಬಿಡಿಸಿದಳು. ನಾಲ್ಕು ಬೆರಳು ಆಳದಲ್ಲಿ ಬರಿಯ ಬಿಳಿ ದಂಟು. ಗೇಣಿನ ಆಳದಲ್ಲೂ ದಂಟೇ. ಅದಕ್ಕೂ ಕೆಳಗೆ, ಕಂದು ಸಿಪ್ಪೆ ಹೊದ್ದ ಗಡ್ಡೆ ಬೆರಳಿಗೆ ತಾಗಿತು.

“ಮಳೆಗೆ ಮೇಲಿನ ಮಣ್ಣು ಬಂದು ಕೂತಿದೆ, ಪ್ರಭು” ಎಂದ ತೋಟಗಾರ.

“ಹಾಗಾದರೆ ಪಕ್ಕದ ಸಾಲುಗಳನ್ನೂ ನೋಡಿ. ಎಲ್ಲಕ್ಕೂ ಬಿದ್ದದ್ದು ಒಂದೇ ಮಳೆ” ಎಂದಳು ಅವಳು.

ನೋಡಿದರು. ಕಳೆದ ವರ್ಷದ ಸಾಲಿನಲ್ಲಿ ಗಡ್ಡೆ ಅಕ್ಕಿಕಾಳಿನಷ್ಟು, ಉಗುರಿನ ಆಳದಲ್ಲಿ. ಅದರ ಹಿಂದಿನದರಲ್ಲಿ ಎರಡು ಬೆರಳು ಆಳದಲ್ಲಿ. ಅದಕ್ಕೂ ಹಿಂದಿನದು ಇನ್ನೂ ಕೆಳಗೆ. ಎಲ್ಲಕ್ಕೂ ಮೇಲೆ ಒಂದೊಂದೇ ಎಲೆ. ತೋಟಗಾರ ಒಂದು ಹೆಜ್ಜೆ ಹಿಂದೆ ಸರಿದ.

ಅವಳು ಮಣ್ಣನ್ನು ಮತ್ತೆ ಮುಚ್ಚಿ, ಅಂಗೈಯಿಂದ ಒತ್ತಿ, ಎದ್ದು ನಿಂತಳು. ತೋಟಗಾರನನ್ನು ದಂಡಿಸಬೇಕೆಂದು ಅವಳು ಕೇಳಲಿಲ್ಲ. ಅವನನ್ನು ಕ್ಷಮಿಸಿ ಎಂದೂ ಕೇಳಲಿಲ್ಲ. ಅರಸ ಅವನನ್ನು ಕೆಲಸದಿಂದ ತೆಗೆದು, ತೋಟದ ಬೀಗದ ಕೈಗಳನ್ನು ಅವಳಿಗೆ ಕೊಟ್ಟ.

“ಹೂವಿಗೆ ಒಂದು ಹೆಸರು ಬೇಕು. ನೀನೇ ಹೇಳು” ಎಂದ.

ರಾಣಿಯ ಹೆಸರನ್ನೇ ಇಡುತ್ತಾಳೆಂದು ಪರಿವಾರದವರು ರಾಣಿಯ ಕಡೆ ನೋಡಿದರು.

“ಸೋನಮಾಲಿ” ಎಂದಳು ಹೆಂಗಸು.

“ಅದು ಯಾರ ಹೆಸರು?”

“ನನ್ನದು.”

ಯಾರೋ ಒಬ್ಬರು ನಕ್ಕರು. ಅರಸ ನಗಲಿಲ್ಲ. ಅದೇ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿ ಸಾಲಿನ ತಲೆಯಲ್ಲಿ ನಿಲ್ಲಿಸಿದ. ಹೂ ಬಾಡಲಿಲ್ಲ. ಸಂಜೆಗೆ ಎಸಳು ಮುಚ್ಚಿ, ಬಿಸಿಲಿಗೆ ತೆರೆದು, ಒಂಬತ್ತು ದಿನ ನಿಂತಿತು.

ಗುರುಗಳು ಕತೆ ಮುಗಿಸಿದರು.

“ಅಷ್ಟು ಜನರ ಮುಂದೆ ತನ್ನ ಹೆಸರನ್ನೇ ಹೇಳಿದಳಲ್ಲ, ಗುರುಗಳೇ. ನನಗೆ ಅದು ಆಗುತ್ತಿರಲಿಲ್ಲ. ನಾನು ವಿನಯದಿಂದ ಮೌನವಾಗಿದ್ದೆ.”

ಗುರುಗಳು ಹೇಳಿದರು: “ನಿನ್ನ ಮೌನವನ್ನು ನೀನು ವಿನಯ ಎಂದುಕೊಂಡೆ, ಸಭೆ ಅದನ್ನು ಆ ವಿದ್ವಾಂಸರ ಪರ ಸಾಕ್ಷಿ ಎಂದುಕೊಂಡಿತು.”