ದ್ಯಾಮಣ್ಣ ಕಂಪ್ಯೂಟರಿನಲ್ಲಿ ಜಾಗ ಮಾಡಿದ್ದು

"ಇದು ಇವಳ ಕೈಲಿ ಆಗುವ ಕೆಲಸವಲ್ಲ" ಎಂದು ಹೇಳಿದವರು ನನ್ನ ಭಾವ ಗುರುಶಿದ್ದಪ್ಪನವರು. ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಪ್ರಿಂಟಿಂಗ್ ಪ್ರೆಸ್ಸು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅಲ್ಲಿ ಕೂತು ಮದುವೆ ಕಾರ್ಡು ಮಡಚಿದೆ. ಮಡಚುತ್ತಾ ಮಡಚುತ್ತಾ ಓದಲು ಕಲಿತೆ. ಮೊದಲು ಕಲಿತ ಅಕ್ಷರ ‘ಶ್ರೀ’. ಎಲ್ಲ ಕಾರ್ಡಿನ ನೆತ್ತಿಯ ಮೇಲೂ ಅದೇ ತಾನೆ! ಆಮೇಲೆ ಹಳೆಯದೊಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ಮನೆಗೆ ತಂದು, ಇನ್ನು ನಾನೇ ಕಾರ್ಡು ಮಾಡುತ್ತೇನೆ ಎಂದೆ. ಭಾವ ಪ್ರೆಸ್ಸಿನ ಬಾಗಿಲಲ್ಲಿ ನಿಂತು ನಕ್ಕರು.

"ಮಾಡವ್ವ ಫಕೀರವ್ವ, ಮಾಡು. ಮಡಚೂ ಕೆಲಸ ನಿನಗಂತ ಇಟ್ಟಿರ್ತೀನಿ."

ಒಂಬತ್ತು ವರ್ಷ ಆ ಬಾಗಿಲ ಕಡೆ ತಲೆ ಹಾಕಲಿಲ್ಲ. ಇನ್ನೇನು ಹೋಗಲೇಬೇಕು ಅನ್ನುವಂತೆ ಮಾಡಿದವನು ನನ್ನ ಹೊಟ್ಟೆಯಲ್ಲಿ ಹುಟ್ಟಿದ ದ್ಯಾಮಣ್ಣ. ಅವನಿಗೆ ಇಪ್ಪತ್ತಾರು ವರ್ಷ, ಗಿರಿಜಾ ಮೀಸೆ, ಎತ್ತಿನಂಥ ಮೈ. ಮಗ ಹೇಳಿದ ಮಾತು ಕೇಳುವುದಿಲ್ಲ ಎಂದು ಬೇರೆ ತಾಯಂದಿರು ಅಳುತ್ತಾರೆ. ನನ್ನ ಮಗ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ನನ್ನ ಗೋಳೇ ಅದು!

ಆ ಗುರುವಾರ ಬಳಿಗಾರರ ಮನೆಯ ಹಿರಿಯ ಅಡಿವೆಪ್ಪಜ್ಜ ತಾವಾಗಿ ನಮ್ಮ ಮನೆಗೆ ಬಂದರು. ಮೊಮ್ಮಗನ ಮದುವೆ. ಮೂರು ತಲೆಮಾರಿನಿಂದ ಭಾವನ ಪ್ರೆಸ್ಸಿಗೇ ಹೋಗುತ್ತಿದ್ದ ಮನೆ ಅದು.

"ನೋಡವ್ವ, ಮಂಗಳವಾರ ಮುಂಜಾನೆ ದೇವರ ಮುಂದ ಮೊದಲನೇ ಕಾರ್ಡು ಇಡಬೇಕು. ಅಷ್ಟರಾಗ ಆತೋ, ಇನ್ಮ್ಯಾಲೆ ನಮ್ಮನಿ ಕಾರ್ಡೆಲ್ಲ ನಿಂದ. ಆಗಲಿಲ್ಲೋ, ನಾ ನಿಮ್ಮ ಭಾವನ ಕಡೆ ಹೊಕ್ಕೀನಿ."

"ಆಗತೈತ್ರಿ ಯಜ್ಜಾರ" ಎಂದೆ. ಅವರು ಮೆಟ್ಟಿಲು ಇಳಿದಿದ್ದರೋ ಇಲ್ಲವೋ, ಕಂಪ್ಯೂಟರ್ ತಕರಾರು ತೆಗೆಯಿತು: ಡಿಸ್ಕಿನಲ್ಲಿ ಜಾಗವಿಲ್ಲ! ಹೊಸ ಕಾರ್ಡು ಶುರು ಮಾಡಿದರೆ ಉಳಿಯುತ್ತಿಲ್ಲ. ನಿನ್ನೆ ಇದ್ದ ಜಾಗ ಇವತ್ತು ಎಲ್ಲಿ ಹೋಯಿತು? ನನಗೆ ಕೂರಲಾಗದು, ನಿಲ್ಲಲಾಗದು. ಹೆಸರುಗಳ ಪಟ್ಟಿ ತರಲು ಬಳಿಗಾರರ ಮನೆಗೆ ಬೇರೆ ಓಡಬೇಕು.

"ಲೇ ದ್ಯಾಮ್ಯಾ, ಜಾಗ ಮಾಡು! ಹಳೇವು ಏನೇನ ಅದಾವು, ಎಲ್ಲಾ ತೆಗದು ಒಗಿ!"

"ಹೂಂ ಯವ್ವಾ, ಹಂಗ ಮಾಡ್ತೀನಿ!"

ನಾನು ಅತ್ತ ಹೋದೆ. ಇವನು ಇತ್ತ ಕೂತ. ಬಂದು ನೋಡಿದರೆ ಕಾರ್ಡಿನ ತುಂಬ ಬರೀ ಖಾಲಿ ಚೌಕಗಳು. ಒಂದು ಕನ್ನಡ ಅಕ್ಷರವಿಲ್ಲ!

"ಅಕ್ಷರ ಎಲ್ಲಿ ಹೋದ್ವಲೇ?"

"ಒಗದ್ನಿ. ಕಂಪ್ಯೂಟರಿನಾಗ ಎಲ್ಲಾಕ್ಕಿಂತ ಹಳೇವು ಅವ. ಒಂಬತ್ತು ವರ್ಷದ್ದು!"

"ಅಕ್ಷರ ಹಳೇದಾದ್ವಂತ ಯಾರರ ಒಗೀತಾರೇನಲೇ? ಒಗಿಯೂ ಮೊದಲ ಒಂದು ಕಾಪಿ ಇಟ್ಕೋಬೇಕು! ಕಾಪಿ!"

"ಹೂಂ ಯವ್ವಾ, ಹಂಗ ಮಾಡ್ತೀನಿ!"

ಹಳೆಯ ಸಿಡಿ ಹುಡುಕಿ ಅಕ್ಷರದ ಫಾಂಟುಗಳನ್ನು ನಾನೇ ಮತ್ತೆ ಹಾಕಿದೆ. ಯಾರನ್ನೂ ಕರೆಯಲಿಲ್ಲ. ಕಾರ್ಡಿನ ಮೊದಲ ಅಚ್ಚು ತೆಗೆದುಕೊಂಡು ಬಳಿಗಾರರ ಮನೆಗೆ ಓಡಿದೆ. ಅಲ್ಲಿ ದೊಡ್ಡ ಜಗಳ. ಸೋದರಮಾವನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಕೆಳಗೆ ಬಂದಿದೆಯಂತೆ! ಮಾವ ಊಟ ಬಿಟ್ಟು ಎದ್ದಿದ್ದ. ತಿದ್ದಲು ಮನೆಗೆ ಬಂದೆ. ಕಂಪ್ಯೂಟರ್ ಉಸಿರಾಡುತ್ತಿಲ್ಲ. ಇದ್ದ ಚೂರು ಜಾಗವೂ ಹೋಗಿದೆ!

"ಏನ್ ಮಾಡಿದ್ಯೋ?"

"ಕಾಪಿ ಇಟ್ಟೆ ಯವ್ವಾ. ಎಲ್ಲಾದರದೂ ಒಂದೊಂದು. ಆಮ್ಯಾಲೆ ಕಾಪಿ ಒಗಿಯೂ ಪಾಳಿ ಬಂತು. ಅದಕ್ಕ ಕಾಪಿದೂ ಒಂದು ಕಾಪಿ ಇಟ್ಟೆ."

"ಅಯ್ಯೋ ನನ್ನ ಹಣೆಬರಾನ! ತುಂಬಿದ ಮನ್ಯಾಗ ಇನ್ನಷ್ಟು ಗಂಟು ತಂದು ತುರುಕ್ತಾರೇನೋ? ಕಾಪಿ ಅಂದ್ರ ಬ್ಯಾರೆ ಕಡೆ ಇಡಬೇಕು. ಪೆನ್‌ಡ್ರೈವಿನಾಗ ಹಾಕಿ, ಗಟ್ಟಿ ಜಾಗಾದಾಗ ಇಡಬೇಕು!"

"ಹೂಂ ಯವ್ವಾ, ಹಂಗ ಮಾಡ್ತೀನಿ!"

ಕಾಪಿಗಳನ್ನೆಲ್ಲ ನಾನೇ ಕೂತು ಅಳಿಸಿದೆ. ಶುಕ್ರವಾರ ಹೋಯಿತು. ಶನಿವಾರ ಬೆಳಿಗ್ಗೆ ಮಾವನ ಹೆಸರು ಮೇಲೆ ಏರಿಸಿ ತೋರಿಸಲು ಹೋದೆ. ಈಗ ಚಿಕ್ಕಪ್ಪ ಮುನಿಸಿಕೊಂಡ! ಬಿಸಿಲಲ್ಲಿ ವಾಪಸು ಬರುತ್ತೇನೆ, ಮಗ ನಗುನಗುತ್ತಾ ಎದುರಿಗೆ ಬರುತ್ತಿದ್ದಾನೆ.

"ಯವ್ವಾ, ಬಳಿಗಾರರ ಕಾರ್ಡಿನ ಕಾಪಿ ಗಟ್ಟಿ ಜಾಗಾದಾಗ ಇಟ್ಟು ಬಂದೆ!"

"ಎಲ್ಲಿ?"

"ದೊಡ್ಡಪ್ಪನ ಪ್ರೆಸ್ಸಿನಾಗ. ಅಲ್ಲಿ ಕಬ್ಬಿಣದ ತಿಜೋರಿ ಐತೆಲ್ಲ?"

ಪ್ರೆಸ್ಸಿಗೆ ಓಡಿದೆ. ಭಾವ ನನ್ನ ಕಾರ್ಡನ್ನು ತಮ್ಮ ಕಂಪ್ಯೂಟರಿನ ಪರದೆಯ ಮೇಲೆ ಹರವಿಕೊಂಡು ಕೂತಿದ್ದರು.

"ಏನ್ ಚಂದ ಮಾಡೀಯವ್ವ ಅಂಚಿನ ಬಳ್ಳಿ! ಬಳಿಗಾರ ಅಜ್ಜಗ ನಾನ ತೋರಿಸ್ಲೇನ?"

"ನಿಮಗ ತ್ರಾಸು ಬ್ಯಾಡ್ರಿ ಭಾವ" ಎಂದು ಪೆನ್‌ಡ್ರೈವ್ ಕಿತ್ತುಕೊಂಡು ಬಂದೆ. ದಾರಿಯುದ್ದಕ್ಕೂ ಬೈದೆ.

"ಮಂದಿ ಮನಿ ಕಾರ್ಡದು! ಅವರನ್ನ ಒಂದು ಮಾತು ಕೇಳಬೇಕಿಲ್ಲೇನಲೇ? ಇಡೂದಿರಲಿ, ತೆಗಿಯೂದಿರಲಿ, ಯಾರ ಕಾರ್ಡೋ ಅವರನ್ನ ಕೇಳಿ ಮಾಡಬೇಕು!"

"ಹೂಂ ಯವ್ವಾ, ಹಂಗ ಮಾಡ್ತೀನಿ!"

ಕೇಳಿದ! ನಾನು ಚಿಕ್ಕಪ್ಪನನ್ನು ಸಮಾಧಾನ ಮಾಡಲು ಹೋಗಿದ್ದಾಗ, ಗಿರಾಕಿಗಳ ನಂಬರಿನ ಪುಸ್ತಕ ತೆಗೆದ. ಒಂಬತ್ತು ವರ್ಷದಲ್ಲಿ ಕಾರ್ಡು ಮಾಡಿಸಿದವರಿಗೆಲ್ಲ ಸಾಲಾಗಿ ಫೋನು ಹಚ್ಚಿದ.

"ನಮಸ್ಕಾರ್ರೀ, ಜಾಗ ಸಾಲವಲ್ದು. ನಿಮ್ಮ ಮದುವಿ ಕಾರ್ಡು ಅಳಸ್ಲೇನ್ರಿ?"

ಒಬ್ಬರು ಬೈದರು. ಒಬ್ಬರು ಹೆದರಿದರು. ಒಬ್ಬ ಗಂಡಸು, "ಕಾರ್ಡು ಅಷ್ಟ ಯಾಕಪಾ, ಆದ್ರ ಮದುವಿನೂ ಅಳಸು, ನಿನಗ ಪುಣ್ಯ ಬರತೈತಿ" ಅಂದನಂತೆ. ಅವನ ಹೆಂಡತಿ ಪಕ್ಕದಲ್ಲೇ ಇದ್ದಳು. ಮುಂದಿನದನ್ನು ಇಡೀ ಓಣಿ ಕೇಳಿತು. ನಾನು ಮನೆಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಒಬ್ಬಾಕೆ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು.

"ಅಕ್ಕಾರ, ನಮ್ಮದೊಂದು ಉಳಿಸ್ರಿ. ಮೂರು ಮಕ್ಕಳದಾವು!"

ಅವಳಿಗೆ ಚಹ ಕೊಟ್ಟು ಕಳಿಸಿದೆ. ಅಂದು ಭಾನುವಾರ. ಇವನನ್ನು ಬದಿಗೆ ತಳ್ಳಿ ನಾನೇ ಕಂಪ್ಯೂಟರಿನ ಮುಂದೆ ಕೂತೆ. ಜಾಗ ತಿನ್ನುತ್ತಿರುವುದು ಯಾವುದು? ಒಂದೊಂದೇ ತೆರೆದು, ಎಲ್ಲಕ್ಕಿಂತ ದಪ್ಪಗಿದ್ದದ್ದು ಯಾವುದೆಂದು ನೋಡುತ್ತಾ ಹೋದೆ. ಸಿಕ್ಕಿತು! ಬಳಿಗಾರರ ಕಾರ್ಡು ಒಂದಲ್ಲ, ನಲವತ್ತೆರಡು ಇದ್ದವು. ಮಾವ ಮೇಲೆ ಏರಿದಾಗ ಒಂದು, ಚಿಕ್ಕಪ್ಪ ಏರಿದಾಗ ಒಂದು, ಅತ್ತೆಯ ಗಂಡನನ್ನು ಬಿಟ್ಟಾಗ ಒಂದು, ಮತ್ತೆ ಸೇರಿಸಿದಾಗ ಒಂದು. ಹಿಂದಿನ ಮದುವೆಗಳದೂ ಇದೇ ಕತೆ. ಯಾವ ಮನೆಯಲ್ಲಿ ಹೆಸರಿಗೆ ಜಗಳವಿಲ್ಲ? ಬೀಗರು ಮುನಿಸಿಕೊಂಡಷ್ಟು ಸಲವೂ ನನ್ನ ಡಿಸ್ಕು ತುಂಬಿತ್ತು.

ರೋಗ ತಿಳಿಯಿತು. ನನಗೆ ಹೆಮ್ಮೆಯೂ ಬಂತು. ಕೊನೆಯದಾಗಿ ಎಲ್ಲರೂ ಒಪ್ಪಿದ ಕಾರ್ಡನ್ನು ಪರದೆಯ ಮೇಲೆ ತೆರೆದಿಟ್ಟೆ. ಕಾಗದ ತರಲು ಪೇಟೆಗೆ ಹೋಗಬೇಕಿತ್ತು.

"ದ್ಯಾಮ್ಯಾ, ಇದೊಂದು ಕೇಳು. ಒಂದ ಹೆಸರಿನವು ಎರಡು ಕಂಡ್ರ ಒಂದು ಇಟ್ಟು ಇನ್ನೊಂದು ತೆಗಿ. ಅಷ್ಟ!"

"ಹೂಂ ಯವ್ವಾ, ಹಂಗ ಮಾಡ್ತೀನಿ!"

ಬಂದು ನೋಡಿದೆ. ಜಾಗ ಆಗಿತ್ತು! ಮಗನ ತಲೆ ಸವರಿದೆ. ಸೋಮವಾರವಿಡೀ ಪ್ರಿಂಟರ್ ಓಡಿತು. ಐನೂರು ಕಾರ್ಡು. ನಲವತ್ತೆರಡು ಸಲ ಓದಿದ್ದ ಕಾರ್ಡನ್ನು ನಲವತ್ತಮೂರನೆಯ ಸಲ ಓದಲಿಲ್ಲ. ಅದು ನನ್ನ ಸೊಕ್ಕು.

ಮಂಗಳವಾರ ಬೆಳಿಗ್ಗೆ ಬಳಿಗಾರರ ಪಡಸಾಲೆ ತುಂಬ ಜನ. ಅರಿಸಿನ ಹಚ್ಚಿದ ಮೊದಲ ಕಾರ್ಡನ್ನು ದೇವರ ಮುಂದಿಟ್ಟರು. ಎರಡನೆಯದನ್ನು ಮದುಮಗ ಎತ್ತಿಕೊಂಡ. ಓದಿದ. ಹಿಂದೆ ಮುಂದೆ ತಿರುಗಿಸಿದ.

"ಯಜ್ಜಾ, ಇದರಾಗ ನಾ ಎಲ್ಲಿ?"

ಕಸಿದುಕೊಂಡು ನೋಡಿದೆ. ಅಡಿವೆಪ್ಪ ಬಳಿಗಾರ ಇವರ ಮೊಮ್ಮಗ, ಶಂಭುಲಿಂಗಪ್ಪ ಇವರ ಮಗ, ಚಿರಂಜೀವಿ... ಮುಂದೆ ಬಟ್ಟ ಬಯಲು! ಆ ಮನೆಯಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡುವುದು ಪದ್ಧತಿ. ಅಜ್ಜನೂ ಅಡಿವೆಪ್ಪ. ಮದುಮಗನೂ ಅಡಿವೆಪ್ಪ.

ಕಾರ್ಡಿನ ಪೆಟ್ಟಿಗೆ ಹೊತ್ತು ಬಂದಿದ್ದ ದ್ಯಾಮಣ್ಣ ಹಿಂದಿನಿಂದ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಒಂದ ಹೆಸರು ಎರಡು ಕಡೆ ಇತ್ತವ್ವ. ಹಿರಿಯಾರನ್ನ ತೆಗದ್ರ ಛಲೋ ಅಲ್ಲಂತ ಅಜ್ಜನ್ನ ಇಟ್ಟೆ, ಮದುಮಗನ್ನ ತೆಗದ್ನಿ!"

ಮಡಚುವ ಕೆಲಸಕ್ಕೆ ನಾಳೆಯಿಂದಲೇ ಹೋಗಬೇಕಲ್ಲ ಎಂದು ನನ್ನ ಬೆರಳುಗಳು ತಾವಾಗಿಯೇ ಸೆಟೆದುಕೊಂಡವು. ಮದುಮಗ ಕೂಗಾಡಿದ. ಆಗ ಅಜ್ಜ ಕನ್ನಡಕ ಏರಿಸಿ, ಕಾರ್ಡನ್ನು ಪೂರಾ ಓದಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಯಾಕ ಒದರ್ತೀಯೋ? ಹೆಸರು ನಂದ. ನಿನಗ ಕಡಾ ಕೊಟ್ಟಿದ್ನಿ, ಈಗ ತಿರುಗಿ ಬಂತು!"

ಜನ ನಕ್ಕರು. ಮದುಮಗನೂ ನಕ್ಕ. ಅಜ್ಜ ನನ್ನ ಕಡೆ ತಿರುಗಿದರು.

"ಗುರುವಾರದ ತನಕ ಹೊತ್ತು ಕೊಟ್ಟೀನಿ. ಮತ್ತ ಮಾಡ್ಕೊಂಡು ಬಾ. ಆದ್ರ ಈ ನಿನ್ನ ಮಗ ಆ ಯಂತ್ರ ಮುಟ್ಟಬಾರದು."

ದಾರಿಯಲ್ಲೇ ಇವನ ಕಿವಿ ಹಿಂಡಿದೆ. "ಕೇಳಿದ್ಯೇನಲೇ? ಏನರ ಆಗಲಿ, ಆಕಾಶ ಕಳಚಿ ಬೀಳಲಿ, ಕಂಪ್ಯೂಟರ್ ಮುಟ್ಟಬ್ಯಾಡ!"

"ಹೂಂ ಯವ್ವಾ, ಹಂಗ ಮಾಡ್ತೀನಿ!"

ಎರಡು ದಿನ ಎದ್ದೇಳದೆ ಕೂತು ಕಾರ್ಡು ಮುಗಿಸಿದೆ. ಈ ಸಲ ಐದು ಬಾರಿ ಓದಿದೆ. ಗುರುವಾರ ಮಧ್ಯಾಹ್ನ ಬಳಿಗಾರರ ಮನೆಗೆ ಮುಟ್ಟಿಸಿದೆ. ಅಜ್ಜ ಎಲ್ಲರೆದುರು, "ಇನ್ಮ್ಯಾಲೆ ನಮ್ಮ ಕಾರ್ಡೆಲ್ಲ ಫಕೀರವ್ವಂದ" ಎಂದರು. ಹಾರುತ್ತಾ ಮನೆಗೆ ಬಂದೆ.

ಹೊಸ್ತಿಲು ದಾಟಿ ನೀರು ಹರಿದು ಬರುತ್ತಿತ್ತು. ನಮ್ಮ ಓಣಿಗೆ ವಾರಕ್ಕೊಮ್ಮೆ ನಳ ಬರುವುದು. ಬಂದಿತ್ತು. ಪೈಪು ಡ್ರಮ್ಮಿನಿಂದ ಜಾರಿ, ತಗ್ಗಿನಲ್ಲಿರುವ ಒಳಕೋಣೆಯ ಕಡೆ ತಿರುಗಿತ್ತು. ಮೇಜಿನ ಕೆಳಗೆ, ನೆಲದ ಮೇಲಿದ್ದ ಕಂಪ್ಯೂಟರಿನ ಪೆಟ್ಟಿಗೆ ಮೊಣಕಾಲುದ್ದ ನೀರಲ್ಲಿ ಗುಳು ಗುಳು ಅನ್ನುತ್ತಿತ್ತು. ದ್ಯಾಮಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಮಂಚದ ಮೇಲೆ ನಿಂತಿದ್ದ.

"ಎತ್ತಬೇಕಿಲ್ಲೇನಲೇ!"

"ಎತ್ತಬೇಕಂದ್ರ ಮುಟ್ಟಬೇಕಲ್ಲ ಯವ್ವಾ!" ಅಂದ. ಆಮೇಲೆ ನೀರಿನೊಳಗೆ ಇಣುಕಿ ನೋಡಿ, ಖುಷಿಯಿಂದ ಹೇಳಿದ: "ನೋಡಿಲ್ಲೆ, ಎಷ್ಟು ಗುಳ್ಳಿ ಬರಾಕತ್ತಾವು! ಒಳಗ ಇನ್ನೂ ಎಷ್ಟೋ ಜಾಗ ಇತ್ತು!"

ಈಗ ನನ್ನ ಹತ್ತಿರ ಹೊಸ ಕಂಪ್ಯೂಟರ್ ಇದೆ. ಬಳಿಗಾರರ ಮನೆಯ ಕಾರ್ಡುಗಳಿವೆ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿದೆ. ಅದಕ್ಕಾಗಿ ಕೊಟ್ಟದ್ದು ಒಂಬತ್ತು ವರ್ಷದ ಮದುವೆಗಳು ಮತ್ತು ಎರಡೂ ಕಿವಿಯ ಬೆಂಡೋಲೆ. ತೂತು ಮುಚ್ಚಿಹೋಗದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದೇನೆ.